ಹಳ್ಳದ ದಡಕ್ಕೆ ಮುಟ್ಟದ ಸೈರನ್ನು

ಬ್ಯಾರೇಜಿನ ಬಾಗಿಲು ತೆಗೆಸುವ ಮಾನ್ಯ ಸಾಹೇಬರೇ,

ನೀರು ಬಿಡುವ ಮೊದಲು ನೀವು ಹಾಕುವ ಸೈರನ್ನು ನಮಗೆ ಕೇಳಿಸುವುದಿಲ್ಲ. ನೀರು ಮಾತ್ರ ತಪ್ಪದೆ ಬರುತ್ತದೆ.

ಸೈರನ್ನು ಕೂರಿಸಿದ ದಿನ ನೀವು ಅದರ ಕಂಬದ ಬುಡದಲ್ಲೇ ನಿಂತು, ಎರಡೂ ಕಿವಿ ಮುಚ್ಚಿಕೊಂಡು, ಬಹಳ ಜೋರಾಗಿದೆ ಅಂದಿರಂತೆ. ಒಲೆ ಮುಂದೆ ಕೂತವರು ಊರಿಗೆಲ್ಲ ಚಳಿ ಬಿಟ್ಟಿತು ಅಂದ ಹಾಗಾಯಿತು. ಅಲ್ಲ ಸ್ವಾಮಿ, ಕಂಬದ ಬುಡದಲ್ಲಿ ನಾಟಿ ಮಾಡುವವರು ಯಾರಿದ್ದಾರೆ? ನಾವು ಹಳ್ಳ ದಾಟುವುದು ಎರಡು ಊರು ಕೆಳಗೆ. ದೂರ ಎರಡರಷ್ಟಾದರೆ ಶಬ್ದದ ಬಲ ಕಾಲು ಭಾಗಕ್ಕೆ ಇಳಿಯುತ್ತದೆ ಅಂತ ನನ್ನ ಮೊಮ್ಮಗಳು ಶೃತಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೂ ರೊಟ್ಟಿ ತಟ್ಟುವವಳಿಗೆ ಇದು ತಿಳಿಯದೇ? ಉಂಡೆ ಅಷ್ಟೇ, ಅಗಲ ತಟ್ಟಿದಷ್ಟೂ ತೆಳುವು. ನಮ್ಮ ದಡಕ್ಕೆ ಬರುವ ಹೊತ್ತಿಗೆ ಕಿವಿ ಹತ್ತಿರದ ಸೊಳ್ಳೆಯೇ ನಿಮ್ಮ ಸೈರನ್ನಿಗಿಂತ ಜೋರು.

ಹೋದ ವರ್ಷ ನಾಟಿ ಮುಗಿಸಿ ಹೆಂಗಸರು ಹಳ್ಳ ದಾಟುತ್ತಿದ್ದರು. ಒಬ್ಬರ ಕೈ ಒಬ್ಬರು ಹಿಡಿದು ಹಾಡು ಹೇಳುತ್ತ ದಾಟುವುದು ನಮ್ಮ ರೂಢಿ. ಮುಂದಿನವಳ ದನಿ ಹಿಂದಿನವಳಿಗೆ ಧೈರ್ಯ. ಅವತ್ತು ಆ ಹಾಡೇ ವೈರಿಯಾಯಿತು. ಪಕ್ಕದ ಗಂಟಲು ದೂರದ ಸೈರನ್ನನ್ನು ನುಂಗಿಹಾಕಿತು. ನಾನು ದಡದಲ್ಲಿ ನಿಂತಿದ್ದೆ. ಮೊಣಕಾಲಿನವರೆಗಿದ್ದ ನೀರು ನೋಡುನೋಡುತ್ತ ಸೊಂಟಕ್ಕೆ ಬಂತು. ಕೊನೆಯಲ್ಲಿದ್ದ ನನ್ನ ಸೊಸೆ ಧನಲಕ್ಷ್ಮಿಯ ಕೈ ತಪ್ಪಿತು. ನಾನು ಕೂಗಿದ್ದು ನನಗೇ ಕೇಳಲಿಲ್ಲ. ಕೆಳಗೆ ಬಿದಿರುಮೆಳೆಗೆ ಸಿಕ್ಕಿಕೊಂಡಳು, ಉಳಿದಳು. ಮೇಲೆ ಬಂದವಳು ಕೇಳಿದ್ದು ಒಂದೇ, "ಅತ್ತೆ, ಸೈರನ್ನು ಹಾಕಲೇ ಇಲ್ವಾ?"

ಹಾಕಿದ್ದರಂತೆ. ನಿಮ್ಮ ಕಚೇರಿಗೆ ಹೋಗಿ ಕೇಳಿದರೆ, ಎಲ್ಲ ನಿಯಮದಂತೆ ಆಗಿದೆ, ನೀವೇ ಕಿವಿ ತೋರಿಸಿಕೊಳ್ಳಿ ಅಜ್ಜಿ ಅಂದರು. ಉಳವಿಯಿಂದ ಬರುವ ಬಸ್ಸು ಹತ್ತಿ ಹೋಗಿ ಸೊರಬದ ಡಾಕ್ಟರಿಗೆ ತೋರಿಸಿಕೊಂಡೆ ಕಣ್ರೀ. ಕಿವಿ ಚೆನ್ನಾಗಿದೆಯಂತೆ.

ಈಗ ಮತ್ತೆ ನಾಟಿ. ಗದ್ದೆ ಹಳ್ಳದಾಚೆ, ದಾಟದೆ ಗತಿಯಿಲ್ಲ. ಹೆಂಗಸರು ಹಾಡು ಬಿಟ್ಟಿದ್ದಾರೆ. ಉಸಿರು ಬಿಗಿಹಿಡಿದು, ಮೇಲುಗಡೆಗೆ ಕಿವಿ ಕೊಟ್ಟು ದಾಟುತ್ತಾರೆ. ಕಪ್ಪೆ ವಟಗುಟ್ಟಿದರೂ ನನ್ನ ಎದೆ ಧಸಕ್ಕೆನ್ನುತ್ತದೆ. ಧನಲಕ್ಷ್ಮಿ ನೀರಿಗೆ ಕಾಲಿಡುವ ಮೊದಲು ನನ್ನ ಮುಖ ನೋಡುತ್ತಾಳೆ. ಹೋಗು ಅಂತ ಯಾವ ಬಾಯಲ್ಲಿ ಹೇಳಲಿ?

ನಮ್ಮ ದಡದಲ್ಲೇ ಇನ್ನೊಂದು ಸೈರನ್ನು ಹಾಕಿಸಿ. ಅದಾಗುವ ತನಕ, ಬಾಗಿಲು ತೆಗೆಯುವ ಮೊದಲು ಇಲ್ಲಿಗೊಬ್ಬ ಮನುಷ್ಯನನ್ನು ಕಳಿಸಿ. ನೀರಲ್ಲಿ ಯಾರೂ ಇಲ್ಲವೆಂದು ಅವನು ಕಣ್ಣಾರೆ ಕಂಡು ಫೋನು ಮಾಡಲಿ, ಆಮೇಲೆ ನೀರು ಬಿಡಿ. ಅವನು ಬರುವ ತನಕ ನಾನು ಸೊಸೆಯನ್ನು ಹಳ್ಳಕ್ಕೆ ಇಳಿಸುವುದಿಲ್ಲ. ಗದ್ದೆ ಬೀಳು ಬಿದ್ದರೆ ಬೀಳಲಿ.

ಇಂತಿ,
ನೀವು ಬಿಡುವ ನೀರಿನ ಕೆಳಗೆ ಜೀವ ಹಿಡಿದುಕೊಂಡಿರುವ
ರಾಜೇಶ್ವರಮ್ಮ