ಗುಸ್ತಾವನ ನಾಲ್ಕು ಸಾಲು

ಬೋನ್ ಹತ್ತಿರದ ನಮ್ಮೂರಿನಿಂದ
14 ನವೆಂಬರ್ 1976, ಭಾನುವಾರ

ಮುದ್ದಿನ ಕ್ಲೆಮಾನ್ಸ್,

ನಿನ್ನ ಎರಡು ಕಾಗದಗಳೂ ತಲುಪಿವೆ. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಕೊಯ್ಲು ಮುಗಿದ ಮೇಲೆ ಬರೆಯೋಣ ಅಂದುಕೊಂಡೆ, ಕೊಯ್ಲಿನ ಜೊತೆಗೇ ಜಗಳ ಶುರುವಾಯಿತು. ಜಗಳ ಮುಗಿದ ಮೇಲೆ ಬರೆಯೋಣ ಅಂದುಕೊಂಡೆ, ಅದು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಈಗ ನಿಮ್ಮಪ್ಪ ಊಟ ಮುಗಿಸಿ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದಾರೆ. ಅವರು ಏಳುವುದರೊಳಗೆ ಎಷ್ಟಾದರೆ ಅಷ್ಟು ಬರೆಯುತ್ತೇನೆ.

ಜೂರಾ ಬೆಟ್ಟದ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಕಳಿಸಿದ ಉಣ್ಣೆ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯಾ? ನೀನು ಕೆಲಸಕ್ಕಿರುವ ತೋಟದ ಯಜಮಾನರು ಹಳದಿ ವೈನನ್ನು ಪೀಪಾಯಿಗೆ ತುಂಬಿ ಆರು ವರ್ಷ ಅದರ ತಂಟೆಗೇ ಹೋಗುವುದಿಲ್ಲ ಎಂದು ಬರೆದಿದ್ದೆ. ಆ ಮನೆಯ ಹೆಂಗಸರು ಪುಣ್ಯವಂತರು. ಇಲ್ಲಿ ನಿಮ್ಮಪ್ಪ ಗಂಟೆಗೊಮ್ಮೆ ನೆಲಮಾಳಿಗೆಗೆ ಇಳಿದು, ಪೀಪಾಯಿಗೆ ಕಿವಿಯಿಟ್ಟು, ಮೇಲೆ ಬಂದು ನನ್ನ ಅಡುಗೆಮನೆಯ ತುಂಬ ಕೆಸರು ಕಾಲಿನ ಗುರುತು ಮಾಡುತ್ತಾರೆ.

ಎರಡೂ ಕಾಗದದಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ. ಲಾ ಗ್ರಿವೆಲ್ ದ್ರಾಕ್ಷಿತೋಟದ ನಮ್ಮ ಪಾಲನ್ನು ಅಪ್ಪ ಬೋನಿನ ವೈನ್ ವರ್ತಕರಿಗೆ ಗುತ್ತಿಗೆ ಕೊಟ್ಟರಾ, ಇಲ್ಲ ನಿನಗಾಗಿ ಇಟ್ಟಿದ್ದಾರಾ ಎಂದು. ಹೇಳುತ್ತೇನೆ, ಆದರೆ ಮೊದಲು ನನ್ನ ಹೊಟ್ಟೆಯಲ್ಲಿರುವುದನ್ನು ಹೊರಗೆ ಹಾಕಬೇಕು. ಈ ಗಂಡಸರ ಜೊತೆ ಏಗಿ ಏಗಿ ನನಗೆ ಸಾಕಾಗಿ ಹೋಗಿದೆ.

ಗುಸ್ತಾವ್ ಚಿಕ್ಕಪ್ಪನ ಸಾಲುಗಳ ಪಕ್ಕದಲ್ಲಿ ಒಂದು ಪೀಚ್ ಮರ ಇತ್ತಲ್ಲ, ಅದು ಒಣಗಿತೆಂದು ಅವನು ಮೇ ತಿಂಗಳಲ್ಲಿ ಕಿತ್ತು ಹಾಕಿದ. ಕಿತ್ತವನು ಯಾರಿಗಾದರೂ ಹೇಳಬೇಕೋ ಬೇಡವೋ? ಹೇಳಲಿಲ್ಲ. ಲಾ ಗ್ರಿವೆಲ್‌ಗೆ ಒಡೆಯರು ಹನ್ನೊಂದು ಜನ. ಒಬ್ಬರಿಗೂ ಬೇಲಿಯಿಲ್ಲ, ಫಲಕವಿಲ್ಲ. ಎಲ್ಲರೂ ಆ ಮರದಿಂದ ಇಷ್ಟನೇ ಸಾಲು ನಂದು, ಇಷ್ಟನೇ ಸಾಲು ನಿಂದು ಎಂದು ಅಜ್ಜನ ಕಾಲದಿಂದ ಎಣಿಸಿಕೊಂಡು ಬಂದವರು. ಕೊಯ್ಲಿನ ಮೊದಲ ದಿನ ಬೆಳಗಿನ ಮಂಜಿನಲ್ಲಿ ನಿಮ್ಮಪ್ಪ ಕೂಲಿಯವರನ್ನು ಕರೆದುಕೊಂಡು ಹೋದರು. ಎದುರಿಗೆ ಕಂಡ ಇನ್ನೊಂದು ಪೀಚ್ ಮರದಿಂದ ಎಣಿಸಿದರು. ಕೊಯ್ಯಿರಿ ಅಂದರು.

ನಾನು ರೊಟ್ಟಿ, ಸಾಸೇಜು, ಕಾಫಿ ಹೊತ್ತುಕೊಂಡು ಹೋಗುವ ಹೊತ್ತಿಗೆ ನಾಲ್ಕು ಸಾಲು ಬೋಳಾಗಿದ್ದವು. ಬುಟ್ಟಿ ಇಳಿಸುವಾಗಲೇ ನನಗೆ ಗೊತ್ತಾಯಿತು. ಬಳ್ಳಿಯನ್ನು ತಂತಿಗೆ ಕಟ್ಟಿದ್ದ ಬೆತ್ತದೆಳೆಯ ಗಂಟು ನನ್ನದಾಗಿರಲಿಲ್ಲ. ನಾನು ಒಳಕ್ಕೆ ತಿರುವಿ ಸಿಕ್ಕಿಸುತ್ತೇನೆ, ಅಲ್ಲಿದ್ದದ್ದು ಹೊರಕ್ಕೆ ತಿರುವಿದ ಗಂಟು. ಇವರ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಅದಕ್ಕೆ ಅವರು ಕೂಲಿಯವರೆಲ್ಲರ ಮುಂದೆ, ಹುಟ್ಟಿದ ದಿನದಿಂದ ಈ ತೋಟ ನೋಡ್ತಾ ಇರೋನು ನಾನು, ನೀನು ಕಾಫಿ ಹಾಕು ಅಂದರು. ಹಾಕಿದೆ. ಕಾಫಿ ಆರುವುದರೊಳಗೆ ಗುಸ್ತಾವ್ ತನ್ನ ಕೂಲಿಯವರೊಂದಿಗೆ ಬಂದು, ಖಾಲಿ ಬಳ್ಳಿಗಳನ್ನು ನೋಡುತ್ತ ನಿಂತ.

ಆಗ ನಿಮ್ಮಪ್ಪನ ಮುಖ ನೋಡಬೇಕಿತ್ತು.

ಊರಿಗೆ ಹಬ್ಬವಾಯಿತು. ಬ್ರೆಡ್ಡಿನಂಗಡಿಯ ಯಜಮಾನಿ ದಿನಾ ನನ್ನನ್ನು ಕೇಳುತ್ತಾಳೆ, "ನಿಮ್ಮ ಯಜಮಾನ್ರು ಅನ್ಸೆಲ್ಮ್ ಸಂಜೆ ಸರಿಯಾಗಿ ನಿಮ್ಮನೆಗೇ ಬರ್ತಾರಾ, ಇಲ್ಲ ಪಕ್ಕದ ಮನೆ ಬಾಗಿಲು ತಟ್ತಾರಾ?" ನಾನು ಎಷ್ಟು ದಿನ ನಗಲಿ? ಈಗ ಬ್ರೆಡ್ಡಿಗೆ ಕೆಳಗಿನ ಬೀದಿಗೆ ಹೋಗುತ್ತಿದ್ದೇನೆ.

ಇಂಥ ತಪ್ಪಿಗೆ ನಮ್ಮಲ್ಲಿ ಪರಿಹಾರವಿಲ್ಲವೇ? ಒಬ್ಬರ ಸಾಲು ಕೊಯ್ದರೆ ನಮ್ಮ ಅಷ್ಟೇ ಸಾಲು ಬಿಟ್ಟುಕೊಡುವುದು, ಕೈಕುಲುಕುವುದು, ಒಂದು ಲೋಟ ಕುಡಿಯುವುದು, ಅಲ್ಲಿಗೆ ಮುಗಿಯಿತು. ನಿಮ್ಮಪ್ಪ ಒಳ್ಳೆಯ ಮಾತಿನಲ್ಲೇ ಹಾಗೆಂದರು. ಗುಸ್ತಾವ್ ತಲೆಯಾಡಿಸಿದ. "ನಿನ್ನ ದ್ರಾಕ್ಷಿ ನಂಗೆ ಬೇಡ ಅಣ್ಣಾ. ನಂದೇ ನಂಗೆ ಕೊಡು" ಅಂದ. ಹಣ್ಣು ಆಗಲೇ ನಮ್ಮ ಚಿಕ್ಕ ತೊಟ್ಟಿಗೆ ಬಿದ್ದಿತ್ತು. ಹಾಗಾದರೆ ಅದನ್ನು ಬೇರೆಯಾಗಿಯೇ ಹುಳಿ ಬರಿಸಿ ವೈನು ಮಾಡಿ ಕೊಡು, ಬೇರೆ ಹಣ್ಣಿನ ಒಂದು ಕಾಳೂ ಸೇರಬಾರದು ಎಂದು ಹಠ ಹಿಡಿದ. ನಿಮ್ಮಪ್ಪ ಗೊಣಗುತ್ತಲೇ ಹಾಗೆ ಮಾಡಿದರು. ಇಬ್ಬರೂ ಒಬ್ಬ ಅಜ್ಜನ ಮೊಮ್ಮಕ್ಕಳು ತಾನೇ, ಇಬ್ಬರ ಮೊಲಕ್ಕೂ ಮೂರೇ ಕಾಲು. ಒಂದು ತೋಟ, ಅಕ್ಕಪಕ್ಕದ ಸಾಲು, ಯಾರ ಹಣ್ಣಾದರೇನು ಎಂದು ನಾನೂ ಅವತ್ತು ಗುಸ್ತಾವನನ್ನು ಮನಸ್ಸಿನಲ್ಲೇ ಬೈದೆ.

ನಾನೇ ಮರೆತಿದ್ದೆ ನೋಡು. ಕಳೆದ ಜನವರಿಯಲ್ಲಿ ಅವನ ಭುಜ ಹಿಡಿದುಕೊಂಡಿದ್ದಾಗ ಕತ್ತರಿ ಹಿಡಿದು ಆ ಸಾಲುಗಳನ್ನು ಸವರಿದವಳು ನೀನು. ಲಾ ಗ್ರಿವೆಲ್‌ನಲ್ಲಿ ನಮ್ಮ ಬಳ್ಳಿ ಸವರುತ್ತೇನೆಂದು ನೀನು ಕೇಳಿದಾಗ ನಿಮ್ಮಪ್ಪ ಏನಂದಿದ್ದರು ಎಂದು ಮತ್ತೆ ಬರೆಯುವುದಿಲ್ಲ. ಗಂಡಸು ಸವರಬೇಕು, ಹೆಂಗಸು ಕಟ್ಟಬೇಕು, ಕಡ್ಡಿ ಆಯ್ದು ಸುಡಬೇಕು. ಈ ವೇದವಾಕ್ಯ ನನಗೆ ಬಾಯಿಪಾಠವಾಗಿದೆ. ಗೊಂಚಲು ಕಡಿಮೆಯಾದರೆ ರಸ ಗಟ್ಟಿಯಾಗುತ್ತದೆಂದು ನೀನು ಗುಸ್ತಾವನ ಬಳ್ಳಿಯಲ್ಲಿ ಅಷ್ಟು ಕಡಿಮೆ ಚಿಗುರುಗಣ್ಣು ಉಳಿಸಿದ್ದು ನೋಡಿ, ಈ ವರ್ಷ ಅವನ ಸುಗ್ಗಿ ಒಂದು ಟೋಪಿಯಲ್ಲಿ ಹಿಡಿಸುತ್ತದೆ ಎಂದು ಇವರು ಊರೆಲ್ಲ ಹೇಳಿಕೊಂಡು ನಕ್ಕಿದ್ದರು. ಅದಾದ ಮೇಲೆ ತಾನೇ ನೀನು ಪೆಟ್ಟಿಗೆ ಕಟ್ಟಿದ್ದು.

ಇನ್ನು ಮೊನ್ನೆ ಹನ್ನೊಂದನೇ ತಾರೀಖು, ಸಂತ ಮಾರ್ತೀನನ ಹಬ್ಬದ ದಿನದ್ದು ಕೇಳು. ವರ್ತಕರ ಮನೆಯಿಂದ ಮೋರೆಲ್ ಬಂದಿದ್ದರು, ಗುತ್ತಿಗೆಯ ಕಾಗದವನ್ನೂ ತಂದಿದ್ದರು, ಹೊಸ ವೈನು ರುಚಿ ನೋಡುವುದೂ ಇತ್ತು. ನಿನಗೆ ಆ ಮನುಷ್ಯ ಗೊತ್ತಿಲ್ಲ. ಬೂಟಿಗೆ ಮಣ್ಣು ಮೆತ್ತಿದರೆ ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಾರೆ, ಮಣ್ಣಿನ ಬಗ್ಗೆ ಮಾತ್ರ ಊಟ ಮುಗಿಯುವವರೆಗೂ ಮಾತು. ನನ್ನ ವೈನಿನಲ್ಲಿ ಬೇಯಿಸಿದ ಮೊಟ್ಟೆ ತಟ್ಟೆಯಲ್ಲಿ ತಣ್ಣಗಾಗುತ್ತಿದೆ, ಅವರು ಮೇಜಿನ ಮೇಲೆ ನಕ್ಷೆ ಹರಡಿದ್ದಾರೆ. ಇಲ್ಲಿ ಸುಣ್ಣದ ಕಲ್ಲು, ಇಲ್ಲಿ ಜೇಡಿ, ಈ ಇಳಿಜಾರಿಗೆ ಬೆಳಗಿನ ಬಿಸಿಲು, ಆದ್ದರಿಂದ ಇಲ್ಲಿನ ವೈನು ಹೀಗೆಯೇ ಇರತಕ್ಕದ್ದು. ನಿಮ್ಮಪ್ಪನಿಗೆ ಅದಕ್ಕಿಂತ ಸಂಗೀತ ಬೇಕೇ? ಅವರದೂ ಅದೇ ಹಾಡು. ವೈನು ಹೆರುವುದು ಮಣ್ಣು, ನಾವು ಬರೀ ಸೂಲಗಿತ್ತಿಯರು ಎಂದರು. ಒಳ್ಳೆಯ ವರ್ಷ ಬಂದರೆ ಮಣ್ಣಿನ ಗುಣ, ಕೆಟ್ಟ ವರ್ಷ ಬಂದರೆ ಮಳೆಯ ದೋಷ. ಕುಣಿಯಲಾರದವಳಿಗೆ ನೆಲ ಡೊಂಕಾದರೆ, ಇವರಿಗೆ ಆಕಾಶವೂ ಡೊಂಕು. ಇದೇ ತೋಟದ ಹೆಸರು ಹನ್ನೊಂದು ಮನೆಯ ಬಾಟಲಿಗಳ ಮೇಲಿದೆ, ಒಳಗೆ ಮಾತ್ರ ಹನ್ನೊಂದು ಥರದ ವೈನು, ಅದು ಯಾಕೆ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ, ತಟ್ಟೆ ಎತ್ತಿದೆ.

ಊಟವಾದ ಮೇಲೆ ನೆಲಮಾಳಿಗೆಗೆ ಇಳಿದರು. ಗುಸ್ತಾವನೂ ನಮ್ಮಲ್ಲೇ ಇದ್ದ ತನ್ನ ಪೀಪಾಯಿ ನೋಡಲು ಬಂದ. ವೈನಿನ ಬಣ್ಣ ನೋಡುವುದಕ್ಕೆ ಮೇಣದಬತ್ತಿ ಹಿಡಿಯುವ ಕೆಲಸ ನನ್ನದು. ಮೊದಲು ನಮ್ಮ ಪೀಪಾಯಿಯದನ್ನು ಸುರಿದರು. ಮೋರೆಲ್ ಬಾಯಿಯಲ್ಲಿ ಮುಕ್ಕಳಿಸಿ, ನೆಲಕ್ಕೆ ಉಗಿದು, ಇದು ಲಾ ಗ್ರಿವೆಲ್, ಕಣ್ಣು ಕಟ್ಟಿ ಕೊಟ್ಟರೂ ಹೇಳುತ್ತೇನೆ ಅಂದರು. ನಿಮ್ಮಪ್ಪನ ಮೀಸೆ ಕುಣಿಯಿತು. ಆಮೇಲೆ ಗುಸ್ತಾವ್, ಯಾರದೆಂದು ಹೇಳದೆ, ತನ್ನ ಪೀಪಾಯಿಯದನ್ನು ಸುರಿದ.

ಮೋರೆಲ್ ಬಾಯಿಗೆ ಹಾಕಿಕೊಂಡು, ಉಗಿದು, ಲೋಟವನ್ನು ಮತ್ತೆ ಮುಂದೆ ಚಾಚಿದರು. ಆ ಮನುಷ್ಯ ಎರಡನೇ ಸಲ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇದು ಯಾವ ತೋಟದ್ದು, ಮೇಲಿನ ಇಳಿಜಾರಿನದಿರಬೇಕು, ಅಲ್ಲಿನ ಮಣ್ಣೇ ಬೇರೆ ಎಂದು ಜೇಬಿನಿಂದ ಮತ್ತೆ ನಕ್ಷೆ ತೆಗೆದರು. ನಿಮ್ಮಪ್ಪ ಲೋಟ ಹಿಡಿದು ನಿಂತೇ ಇದ್ದರು. ಕೊನೆಗೆ ಗುಸ್ತಾವನೇ ಹೇಳಿದ.

"ಮಣ್ಣು ಒಂದೇ ಮೋರೆಲ್ ಅವರೇ, ಪಕ್ಕದ ಸಾಲು. ಕೊಯ್ದಿದ್ದು ನಮ್ಮಣ್ಣ, ಮಾಡಿದ್ದೂ ನಮ್ಮಣ್ಣ. ಬೇರೆ ಇರೋದು ಒಂದೇ. ಈ ಬಳ್ಳಿ ಸವರಿದೋಳು ಅವನ ಮಗಳು."

ನಿಮ್ಮಪ್ಪ ಆಗ ಕುಡಿದರು. ನೆಲಮಾಳಿಗೆಯಲ್ಲಿ ಅವರು ಎಂದೂ ನುಂಗುವವರಲ್ಲ, ಉಗಿಯುವವರು. ಅವತ್ತು ನುಂಗಿದರು, ಲೋಟದ ತಳದವರೆಗೂ. ಈಗಲಾದರೂ ಒಂದು ಒಳ್ಳೆಯ ಮಾತು ಬರುತ್ತದೆ ಎಂದು ನಾನು ಬತ್ತಿಯನ್ನು ಸ್ವಲ್ಪ ಅವರ ಮುಖದ ಕಡೆಗೇ ಹಿಡಿದೆ. ಅವರು ಅಂದದ್ದು ಇಷ್ಟೇ: "ಈ ಸಲ ಬಿಸಿಲು ಜಾಸ್ತಿ ಇತ್ತು."

ಬಿಸಿಲಂತೆ. ಅದೇ ಬಿಸಿಲು ತಮ್ಮ ಸಾಲಿನ ಮೇಲೆ ಬೀಳದೆ ಗುಸ್ತಾವನ ಸಾಲಿನ ಮೇಲೆ ಮಾತ್ರ ಬಿತ್ತೇನೋ. ಬತ್ತಿಯನ್ನು ಅವರ ತಲೆಯ ಮೇಲೇ ಕುಟ್ಟಬೇಕೆನಿಸಿತು ಮಗಳೇ, ದೇವರಾಣೆ. ಮೂರು ದಿನದಿಂದ ಮನೆಯಲ್ಲಿ ಮಾತಿಲ್ಲ. ಉಪ್ಪು ಕೊಡು ಅನ್ನುವುದಕ್ಕೂ ಬೆರಳು ತೋರಿಸುತ್ತಾರೆ. ನಿನ್ನೆ ಸಂಜೆ ಲಾ ಗ್ರಿವೆಲ್‌ಗೆ ಒಬ್ಬರೇ ಹೋಗಿದ್ದರಂತೆ. ಗುಸ್ತಾವನ ಬಳ್ಳಿಗಳ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ನೀನು ಕತ್ತರಿಸಿದ ಜಾಗಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು ಎಂದು ಗುಸ್ತಾವನ ಹೆಂಡತಿ ಬಂದು ಹೇಳಿದಳು. ಆ ನೋವಿನ ಮಂಡಿ ಇಟ್ಟುಕೊಂಡು ಹೇಗೆ ಎದ್ದು ಬಂದರೋ.

ಎದ್ದರು ಅನ್ನಿಸುತ್ತದೆ, ಕುರ್ಚಿ ಕಿರುಗುಟ್ಟಿತು. ಮೈ ಬೆಚ್ಚಗೆ ಇಟ್ಟುಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬರೀ ಚೀಸು ತಿಂದು ಮಲಗಬೇಡ. ನಮ್ಮ ಬಳ್ಳಿಗಳ ಸಂತ ವಿನ್ಸೆಂಟ್ ನಿನ್ನನ್ನೂ ನಿನ್ನ ಕೈಬೆರಳುಗಳನ್ನೂ ಹಿಮದಿಂದ ಕಾಯಲಿ. ನಿನ್ನ ಬಾಳು ತುಂಬಿ ಬರಲಿ.

ನಿನ್ನ ಪ್ರೀತಿಯ ಅಮ್ಮ,
ಸೊಲಾಂಜ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿಮ್ಮಪ್ಪ ಸಹಿ ಹಾಕಿದ್ದಾರೆ. ಹಬ್ಬದ ದಿನ ಊಟಕ್ಕೆ ಮೊದಲೇ, ನೆಲಮಾಳಿಗೆಗೆ ಇಳಿಯುವುದಕ್ಕೆ ಮೊದಲೇ. ಲಾ ಗ್ರಿವೆಲ್‌ನ ನಮ್ಮ ಪಾಲು ಇನ್ನು ಹದಿನೆಂಟು ವರ್ಷ ವರ್ತಕರದು. ಮೋರೆಲ್ ಹೊರಡುವಾಗ ಇವರು ಅಂಗಳದವರೆಗೂ ಹೋಗಿ, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಬಳ್ಳಿ ಸವರುವುದಕ್ಕೆ ನನ್ನ ಮಗಳನ್ನು ಕೂಲಿಗಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ನಾನು ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡೆ. ನಮಗೆ ನಮ್ಮದೇ ಆಳುಗಳಿದ್ದಾರೆ ಅಂದರು ಮೋರೆಲ್. ಇದನ್ನು ನಿನಗೆ ಹೇಳಬಾರದೆಂದು ನಿಮ್ಮಪ್ಪ ಬಾಯಿಬಿಟ್ಟು ಹೇಳಿಲ್ಲ, ಆದ್ದರಿಂದ ಹೇಳುತ್ತಿದ್ದೇನೆ.

ಅವತ್ತು ಮೂರು ಲೋಟ ತುಂಬಿದರು. ಬತ್ತಿ ಹಿಡಿದವಳಿಗೆ ಲೋಟ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ನಿನ್ನ ಹೆಸರು ಹೇಳಿದ ಗುಸ್ತಾವನಿಗೂ. ಅವರೆಲ್ಲ ಮೇಲೆ ಹೋದ ಮೇಲೆ ಮೋರೆಲ್ ಬಿಟ್ಟುಹೋದ ಎಂಜಲು ಲೋಟದಲ್ಲಿ ಉಳಿದಿದ್ದನ್ನು ನಾನು ಕುಡಿದು ನೋಡಿದೆ. ತುಂಬಾ ಚೆನ್ನಾಗಿತ್ತು ಕ್ಲೆಮಾನ್ಸ್. ಹೇಳೋಣವೆಂದರೆ ಅಲ್ಲಿ ಯಾರೂ ಇರಲಿಲ್ಲ.

ಕಾಡಿನಂಚಿನಲ್ಲಿ ನನ್ನ ತವರಿನವರು ನನ್ನ ಹೆಸರಿಗೆ ಬಿಟ್ಟುಹೋದ ತೋಟದ ತುಂಡು ಆ ಗುತ್ತಿಗೆ ಕಾಗದದಲ್ಲಿಲ್ಲ. ಅಲ್ಲಿನ ವೈನಿಗೆ ಹೆಸರಿಲ್ಲವೆಂದು ಮೋರೆಲ್ ನಕ್ಕು ಬಿಟ್ಟರು, ನಕ್ಕಿದ್ದು ಒಳ್ಳೆಯದಾಯಿತು. ಬಳ್ಳಿ ಕಾಡು ಬೆಳೆದು ನಿಂತಿದೆ. ನಾನು ಮದುವೆಯಾಗಿ ಬಂದಾಗಿನಿಂದ ಇನ್ನೊಬ್ಬರು ಕತ್ತರಿಸಿ ಬಿಟ್ಟಿದ್ದನ್ನು ಕಟ್ಟುತ್ತಲೇ ಬಂದಿದ್ದೇನೆ, ಒಂದು ಬಳ್ಳಿಯನ್ನೂ ಯಾರೂ ನನ್ನ ಕೈಯಲ್ಲಿ ಸವರಿಸಲಿಲ್ಲ. ಜನವರಿಯಲ್ಲಿ ಬಾ. ಬರುವಾಗ ಎರಡು ಕತ್ತರಿ ತಾ.