ಮಧ್ಯಾಹ್ನಕ್ಕೆ ಬಂದ ಕೈದಿ ವ್ಯಾನು

ಮಾರ್ಸ್‌ಬಿ, ಲಿಂಕನ್‌ಶೈರ್
ಮಂಗಳವಾರ, ನವೆಂಬರ್ 12

ನನ್ನ ಮುದ್ದಿನ ರೊವೀನಾಗೆ,

ಅಮ್ಮ ಫೋನ್ ಬಿಟ್ಟು ಕಾಗದ ಬರೆದಿದ್ದಾಳೆಂದರೆ ಬೈಗುಳ ಕಾದಿದೆ ಎಂದು ನಿನಗೆ ಗೊತ್ತು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ.

ನಿನ್ನೆ ಇಡಾ ಪಾರ್ಜಿಟರ್ ಅಜ್ಜಿ ಸಾಕ್ಷಿ ಹೇಳಲು ಮೂರನೇ ಸಲ ಕೋರ್ಟಿಗೆ ಬಂದಿದ್ದರು. ಅವರ ಮನೆಗೆ ನುಗ್ಗಿ, ಕೈ ಮುರಿದು, ಗಂಡನ ಪದಕಗಳನ್ನು ದೋಚಿದವನ ವಿಚಾರಣೆ. ಚರ್ಚಿಗೆ ಹಾಕುವ ಕೋಟು ತೊಟ್ಟು ಬೆಳಗ್ಗೆಯಿಂದ ಬೆಂಚಿನ ಮೇಲೆ ಕೂತಿದ್ದರು. ಜಡ್ಜ್ ಇದ್ದರು, ಜ್ಯೂರಿ ಇತ್ತು, ಬಾಗಿಲಲ್ಲಿ ಹೆಸರು ಕೂಗಲು ನಾನಿದ್ದೆ. ಕೈದಿಯೇ ಇರಲಿಲ್ಲ. ಕೈದಿಗಳನ್ನು ಕೋರ್ಟಿಗೆ ಸಾಗಿಸುವ ಗುತ್ತಿಗೆ ಹಿಡಿದ ನಿಮ್ಮ ಕಂಪನಿಯ ವ್ಯಾನು ಅವನನ್ನು ಜೈಲಿನಿಂದ ತಂದಿಳಿಸುವಾಗ ಊಟದ ಹೊತ್ತು ಮೀರಿತ್ತು, ವಿಚಾರಣೆ ಮತ್ತೆ ಮುಂದಕ್ಕೆ ಹೋಗಿತ್ತು.

ಅಜ್ಜಿ ನನ್ನ ತೋಳು ಹಿಡಿದು, "ಸಾಕಾಯ್ತು ಕಣಮ್ಮ, ಇನ್ನು ನನ್ನನ್ನ ಕರೀಬೇಡಿ. ಅವನು ಬೀದೀಲಿ ಓಡಾಡ್ಕೊಂಡಿರ್ಲಿ ಬಿಡಿ" ಎಂದರು. ಅವರನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಅವರು ಬರದಿದ್ದರೆ ಅವನು ಬಿಡುಗಡೆಯಾಗುತ್ತಾನೆ. ನನಗೆ ಮೈಯೆಲ್ಲ ಉರಿದುಹೋಯಿತು.

ಕಂಪನಿ ಎಂದಿನಂತೆ ದಾರಿಯಲ್ಲಿ ವಾಹನ ದಟ್ಟಣೆ ಎಂದು ಹೇಳಿಕಳಿಸಿತ್ತು. ಆದರೆ ವ್ಯಾನು ಬೇರೆ ಎರಡು ಊರಿನ ಕೋರ್ಟು ಮುಗಿಸಿಕೊಂಡು ಕೊನೆಗೆ ಇಲ್ಲಿಗೆ ಬರುತ್ತದೆಂಬುದು ಜಡ್ಜ್ ಹ್ಯಾಲಮ್ ಅವರಿಗೆ ಹೇಗೋ ತಿಳಿದಿತ್ತು. ಒಂದೇ ವ್ಯಾನಿನಲ್ಲಿ ಮೂರು ಕೋರ್ಟು ತೂಗಿಸುವ ಜಾಣತನ ಯಾರದೆಂದು ನಮ್ಮಿಬ್ಬರಿಗೂ ಗೊತ್ತು. ಭಾನುವಾರ ಊಟಕ್ಕೆ ಬಂದಾಗ ನೀನೇ ಜಂಬ ಕೊಚ್ಚಿಕೊಂಡಿದ್ದೆಯಲ್ಲ! ಜಡ್ಜ್ ಕೆಂಡಾಮಂಡಲವಾಗಿ, "ಕ್ಷಮಾಪಣೆ ಪತ್ರ ಓದಿ ಓದಿ ಸಾಕಾಗಿದೆ. ದಾರಿ ಗೊತ್ತುಮಾಡಿದವರು ಗುರುವಾರ ಬಂದು ಕಟಕಟೇಲಿ ನಿಂತು ಉತ್ತರ ಹೇಳ್ಲಿ. ಹಾಳಾದ ದಿನಗಳ ಖರ್ಚು ಕಂಪನೀನೇ ಕಟ್ಲಿ" ಎಂದರು.

ನೀನು ಕೆಟ್ಟವಳಲ್ಲ. ಮೇಲಿನವರು ವ್ಯಾನು ಕಡಿಮೆ ಕೊಟ್ಟರು, ನೀನು ಇದ್ದುದರಲ್ಲೇ ಹೊಂದಿಸಿದೆ. ಅದನ್ನೇ ಎಲ್ಲರ ಮುಂದೆ ಹೇಳು. ವಕೀಲರ ಬೆನ್ನ ಹಿಂದೆ ಅಡಗಬೇಡ. ಗುರುವಾರ ವ್ಯಾನು ಮೊದಲು ನಮ್ಮಲ್ಲಿಗೇ ಬರಲಿ. ಬಂದೇ ಬರುತ್ತದೆಂದು ಅಜ್ಜಿಗೆ ಮಾತು ಕೊಟ್ಟಿದ್ದೇನೆ. ಇದೊಂದು ಸಲ ಎಂದು ಒಪ್ಪಿಕೊಂಡಿದ್ದಾರೆ.

ಬೈದರೂ ನಿನ್ನವಳೇ ಆದ,
ಅಮ್ಮ

ತಾ.ಕ.: ಗುರುವಾರ ಬರಬೇಕೆಂಬ ಕೋರ್ಟಿನ ಆದೇಶದಲ್ಲಿ ನಿನ್ನ ಹೆಸರೇ ಇರುವುದು ಹೇಗೆಂದು ತಲೆ ಕೆಡಿಸಿಕೊಳ್ಳಬೇಡ. ಜಡ್ಜ್‌ಗೆ ಎಲ್ಲ ಹೇಳಿದ್ದು ನಾನೇ. ಹೆಸರು ಬರೆದುಕೊಂಡು ತಲೆಯೆತ್ತಿ, "ನಿಮ್ಮ ಪೈಕಿಯವರೇನ್ರೀ?" ಎಂದು ಕೇಳಿದರು. "ಹೆತ್ತ ಮಗಳು ಸ್ವಾಮಿ. ಕಂಪನಿಯವರು ಬರ್ತಾರೋ ಇಲ್ವೋ, ಅವಳು ಬರ್ತಾಳೆ" ಅಂದೆ.