ಬೋಟು ದಂಡೆಗೆ ಏರಿಸಿದ ಮೇಲೆ

ದೇವದುರ್ಗ
೧೪ ಡಿಸೆಂಬರ್ ೨೦೨೫, ಭಾನುವಾರ

ಮಾನ್ವಿಯಲ್ಲಿ ಮೌನವ್ರತ ಹಿಡಿದು ಕೂತಿರುವ ಉರುಕುಂದಪ್ಪನವರಿಗೆ, ಶಶಿಕಲಾ ಮಾಡುವ ನಮಸ್ಕಾರ.

ಗಂಡನ ಹೆಸರು ಹಿಡಿದು ಬರೆದಳು ಎಂದು ನಿಮ್ಮ ಅವ್ವ ಅನ್ನಬಹುದು. ಅನ್ನಲಿ. ಎರಡು ವರ್ಷದಿಂದ ಬೇರೆ ಬೇರೆ ಊರಲ್ಲಿ ಒಲೆ ಹೊತ್ತಿಸುತ್ತಿದ್ದೇವೆ, ಇನ್ನು ಹೆಸರಿನದೇನು ಮರ್ಯಾದೆ? ಫೋನಿನಲ್ಲಿ ನಿಮ್ಮ ಬಾಯಿಂದ ಎರಡು ಮಾತು ಹೊರಡಿಸುವುದು ನನ್ನಿಂದ ಆಗದ ಕೆಲಸ. ಅದಕ್ಕೇ ಈ ಕಾಗದ. ಪೂರ್ತಿ ಓದಬೇಕು.

ಮಳೆಗಾಲದಲ್ಲಿ ನಾನು ನಡೆಸಿದ ಸಂಘದ ಬೋಟನ್ನು ದಂಡೆಗೆ ಏರಿಸಿದೆ. ಹೊಳೆ ಇಳಿದಿದೆ, ನಡುಗಡ್ಡೆಯವರಿಗೆ ಮುಂದಿನ ಮಳೆಗಾಲದವರೆಗೆ ಹರಗೋಲೇ ಸಾಕು. ಪ್ರತಿ ವರ್ಷ ನೀವು ಮಾಡುತ್ತಿದ್ದ ಕೆಲಸವನ್ನು ಈ ಸಲ ನಾನೊಬ್ಬಳೇ ಮಾಡಿದೆ. ಟ್ರ್ಯಾಕ್ಟರಿನಿಂದ ಎಳೆಸಿ ಮರದ ದಿಮ್ಮಿಗಳ ಮೇಲೆ ಕೂರಿಸಿದೆ. ಎಂಜಿನ್ ಬಿಸಿ ಇರುವಾಗಲೇ ಹಳೆಯ ಆಯಿಲ್ ಇಳಿಸಿ ಹೊಸದು ಹಾಕಿದೆ. ಒಳಗೆ ತೇವ ಕೂರಬಾರದೆಂದು ಡೀಸೆಲ್ ಟ್ಯಾಂಕನ್ನು ಕಂಠಮಟ್ಟ ತುಂಬಿಸಿದೆ. ನೀರಿನ ಕೊಳವೆಗಳಿಗೆ ಬಾವಿ ನೀರು ಬಿಟ್ಟು ಬಿಟ್ಟು, ಕೆಂಪು ಹೋಗಿ ತಿಳಿ ಬರುವವರೆಗೆ ತೊಳೆದೆ. ಇಲಿ ಹೊಗದಂತೆ ಹೊಗೆ ಕೊಳವೆಗೆ ಬಟ್ಟೆ ತುರುಕಿ, ಮೇಲೆ ತಾಡಪತ್ರಿ ಕಟ್ಟಿದೆ. ಬ್ಯಾಟರಿ ಮನೆಯಲ್ಲಿದೆ.

ಕೆಲಸ ನೋಡಲು ಸಂಘದ ಕಾರ್ಯದರ್ಶಿ ಪ್ರಭುರಾಜ ರಾಯಚೂರಿನಿಂದ ಬಂದಿದ್ದರು. ಕೈಯಲ್ಲಿ ಕಂಪನಿಯ ಪುಸ್ತಕ. "ಚಳಿಗೆ ಎಂಜಿನ್ ಒಳಗ ನೀರು ಗಡ್ಡಿ ಕಟ್ಟತದಂತ, ಅದಕ್ಕ ಔಷಧ ಹಾಕೀರೇನು?" ಎಂದು ಕೇಳಿದರು. ರಾಯಚೂರಿನಲ್ಲಿ ಮಂಜುಗಡ್ಡೆ! ಡಿಸೆಂಬರಿನ ಮಧ್ಯಾಹ್ನವೂ ಫ್ಯಾನಿನ ಕೆಳಗೇ ಕೂರುವ ಮನುಷ್ಯ. ಇಲ್ಲಿ ಎಂಜಿನ್ ಕೆಡಿಸುವುದು ಚಳಿಯಲ್ಲ, ಹೊಳೆಯ ರೇವೆ ಮಣ್ಣು. ಒಳಗೆ ಉಳಿದು ಒಣಗಿದರೆ ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತದೆ. ಇಷ್ಟೂ ತಿಳಿಯದವರ ಮುಂದೆ ಆಗಸ್ಟಿನ ಸಭೆಯಲ್ಲಿ ನೀವು ತಲೆ ತಗ್ಗಿಸಿ ನಿಂತಿರಲ್ಲ, ಅದಕ್ಕೆ ನನಗೆ ಮೈಯೆಲ್ಲ ಉರಿಯುತ್ತದೆ.

ಜುಲೈನಲ್ಲಿ ಆದದ್ದು ನಿಮಗೂ ಗೊತ್ತು. ಡ್ಯಾಮಿನಿಂದ ನೀರು ಬಿಟ್ಟ ದಿನ ನಡುಗಡ್ಡೆಯ ವೆಂಕಮ್ಮನಿಗೆ ಹೆರಿಗೆ ನೋವು ಬಂತು. ಈ ವರ್ಷ ಬೋಟು ನೀರಿಗಿಳಿದದ್ದೇ ಅವತ್ತು. ಕೂರಿಸಿಕೊಂಡು ಹೊರಟೆ. ನಡುಹೊಳೆಯಲ್ಲಿ ಎಂಜಿನ್ ಕಾದು, ಹೊಗೆಯಾಡಿ, ಹಿಡಿದುಕೊಂಡು ಬಂದ್ ಬಿತ್ತು. ಬೋಟು ತೇಲಿ ಹೋಗಿ ಒಂದು ಜಾಲಿ ಗಿಡಕ್ಕೆ ಸಿಕ್ಕಿ ನಿಂತಿತು. ಹರಗೋಲಿನವರು ಬಂದರು. ಮಗು ಹರಗೋಲಿನಲ್ಲೇ ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದರು, ಆದರೆ ಆ ತಾಯಿ ನನ್ನ ರಟ್ಟೆ ಹಿಡಿದುಕೊಂಡಿದ್ದ ಹಿಡಿತ ಇನ್ನೂ ಬಿಟ್ಟಿಲ್ಲ.

ಬಿಚ್ಚಿ ನೋಡಿದರೆ, ಎಂಜಿನ್ನಿಗೆ ತಂಪು ನೀರು ಎಳೆಯುವ ಪಂಪಿನೊಳಗೆ ರಬ್ಬರ್ ಚಕ್ರವೇ ಇರಲಿಲ್ಲ. ಹೊಸದು ಹಾಕಿ ಎಂಜಿನ್ ಸರಿಮಾಡಿಸಿದ್ದು ಆಮೇಲೆ. ಹೋದ ವರ್ಷ ಬೋಟು ಕಟ್ಟಿಟ್ಟವರು ನೀವು. ಸಭೆಯಲ್ಲಿ ಪ್ರಭುರಾಜ ಕೇಳಿದರು, ಚಕ್ರ ಎಲ್ಲಿ ಎಂದು. ನೀವು ನನ್ನನ್ನೊಮ್ಮೆ ನೋಡಿದಿರಿ. ಆಮೇಲೆ, "ನಂದ ತಪ್ಪ ಆಗ್ಯದ್ರಿ" ಎಂದು ಹೇಳಿ ಹೊರಟೇಹೋದಿರಿ.

ಯಾರು ಕೇಳಿದ್ದರು ನಿಮ್ಮನ್ನು? ಚಕ್ರವನ್ನು ತಿಂಗಳುಗಟ್ಟಲೆ ಪಂಪಿನೊಳಗೇ ಬಿಟ್ಟರೆ ಅದರ ಎಸಳು ಬಾಗಿ ಹಾಳಾಗುತ್ತವೆಂದು ಬಿಚ್ಚಿಟ್ಟಿದ್ದಿರಿ. ಅದು ಕಸುಬು ಬಲ್ಲವರ ಕೆಲಸ. ಹಾಗಂತ ಒಂದು ಮಾತು ಹೇಳಲಿಲ್ಲ. ಈಗ ಮಾನ್ವಿಯಲ್ಲಿ ನಿಮಗೆ "ಬೋಟ್ ಸುಟ್ಟ ಮಿಸ್ತ್ರಿ" ಎಂದು ಹೆಸರಂತೆ. ಪೋತ್ನಾಳದ ಕುತುಬುದ್ದೀನ್ ತಮ್ಮ ಹೊಲದ ಪಂಪನ್ನು ರಿಪೇರಿಗೆ ನಿಮ್ಮ ಕೈಗೆ ಕೊಡದೆ ರಾಯಚೂರಿಗೆ ಒಯ್ದರಂತೆ. ಬುಧವಾರದ ಸಭೆಯಲ್ಲಿ ಸಂಘದವರು ಮಿಸ್ತ್ರಿಗಳ ಪಟ್ಟಿಯಿಂದ ನಿಮ್ಮ ಹೆಸರನ್ನೂ ತೆಗೆದುಹಾಕುತ್ತಾರೆ. ಇಪ್ಪತ್ತು ವರ್ಷ ಕೈ ಕಪ್ಪು ಮಾಡಿಕೊಂಡು ಗಳಿಸಿದ ಹೆಸರು! ಅದಕ್ಕೂ ನೀವು ಸುಮ್ಮನೆ.

ಮೊದಲಿನಿಂದಲೂ ಇದೇ ಚಾಳಿ. "ಗಂಡಸರ್ನ ಕೂಡಿಸಿಕೊಂಡು ಬೋಟ್ ನಡಸೂ ಸೊಸಿ ನಮಗ ಬ್ಯಾಡ" ಎಂದು ನಿಮ್ಮ ಅವ್ವ ಅಂದಾಗ ನೀವು ತಟ್ಟೆ ನೋಡುತ್ತ ಉಣ್ಣುತ್ತಿದ್ದಿರಿ. ಅವತ್ತು ನನ್ನ ಪರ ಒಂದು ಮಾತಾಡಿದ್ದರೆ ಈ ಮನೆ ಎರಡಾಗುತ್ತಿರಲಿಲ್ಲ. ಅವತ್ತು ಕೊಡದ ಮಾತಿಗೆ ಇವತ್ತು ನಿಮ್ಮ ಹೊಟ್ಟೆಪಾಡನ್ನೇ ತಂದು ಕೊಟ್ಟರೆ ನಾನು ತೆಗೆದುಕೊಳ್ಳುತ್ತೇನೆಯೇ? ನನಗೆ ಅಂಥ ದಾನ ಬೇಡ.

ಹೇಳಿಬಿಡುತ್ತೇನೆ. ಜೂನಿನಲ್ಲಿ ತಾಡಪತ್ರಿ ಬಿಚ್ಚಿದಾಗ ಸ್ಟೇರಿಂಗಿಗೆ ಕಟ್ಟಿದ ಒಂದು ಚೀಟಿ ಇತ್ತು. ನಿಮ್ಮ ಅಕ್ಷರ. ನೋಡಿದ್ದೇ ಸಿಟ್ಟು ನೆತ್ತಿಗೇರಿತು. ಬಾಯಲ್ಲಿ ಮಾತಿಲ್ಲದವರು ಚೀಟಿ ಬರೆಯುತ್ತಾರೆಂದು ಓದದೇ ಹರಿದು ಹೊಳೆಗೆ ಬಿಟ್ಟೆ. ಅದರಲ್ಲಿ ಇದ್ದದ್ದು ಚಕ್ರ ಬಿಚ್ಚಿಟ್ಟ ಸುದ್ದಿಯೆಂದು ಆಗಸ್ಟಿನಲ್ಲಿ ನೀವು ನನ್ನನ್ನು ನೋಡಿದಾಗಲೇ ಹೊಳೆಯಿತು. ನನ್ನ ತಪ್ಪು ಅದೊಂದೇ ಅಲ್ಲ. ಹಿಂದಿನ ಕೊಳವೆಯಿಂದ ಎಂಜಿನ್ನಿನ ತಂಪು ನೀರು ಹೊರಬೀಳುತ್ತದೋ ಇಲ್ಲವೋ ನೋಡದೆ ಬೋಟು ಬಿಟ್ಟವಳು ನಾನೇ. ಸಭೆಯಲ್ಲಿ ಬಾಯಿ ಮುಚ್ಚಿ ಕೂತವಳೂ ನಾನೇ. ನಿಮ್ಮ ಸಂಗದಲ್ಲಿ ಕಲಿತೆನೆಂದು ಹೇಳೋಣವೆಂದರೆ ಈ ಸಲ ಅದೂ ಸುಳ್ಳು, ನೀವು ಚೀಟಿಯಲ್ಲಾದರೂ ಹೇಳಿದ್ದಿರಿ.

ಮೊನ್ನೆ ಸೀಟಿನ ಕೆಳಗಿನ ಪೆಟ್ಟಿಗೆ ತೊಳೆಯಲು ತೆಗೆದೆ. ಪ್ಲಾಸ್ಟಿಕ್ ಚೀಲದಲ್ಲಿ ಆ ಚಕ್ರ. ಅಂಟಿಕೊಳ್ಳದಿರಲೆಂದು ಮಗುವಿಗೆ ಹಚ್ಚುವ ಪೌಡರ್ ಸವರಿ ಇಟ್ಟಿದ್ದಿರಿ. ದಂಡೆಯ ಮೇಲೆ ಕೂತು ಅತ್ತೆ.

ಬುಧವಾರ ಹನ್ನೊಂದಕ್ಕೆ ರಾಯಚೂರಿನ ಸಭೆಗೆ ಬನ್ನಿ. ಬರುವಾಗ ಬಾಯಿಯನ್ನೂ ತನ್ನಿ.

ಇನ್ನೂ ಸಿಟ್ಟಿಳಿಯದ,
ಶಶಿಕಲಾ

ತಾ.ಕ.: ಬುಧವಾರ ಸಭೆ ಇಲ್ಲ, ಅದರ ಅಗತ್ಯವೇ ಉಳಿದಿಲ್ಲ. ನಾನು ಶುಕ್ರವಾರವೇ ರಾಯಚೂರಿಗೆ ಹೋಗಿ ಇದ್ದದ್ದನ್ನೆಲ್ಲ ಬರೆದುಕೊಟ್ಟು, ಬೋಟಿನ ಕೀಲಿಕೈಯನ್ನು ಪ್ರಭುರಾಜರ ಮೇಜಿನ ಮೇಲಿಟ್ಟು ಬಂದೆ. ಮಳೆಗಾಲಕ್ಕೆ ಬೋಟು ನಡೆಸುವವರು ಬೇರೆ. ಎಂಜಿನ್ ಕೆಲಸ ನಿಮ್ಮದೇ. ಹಾಗೆಂದು ಸಂಘದವರು ಕೊಟ್ಟ ಪತ್ರ ಇದರ ಜೊತೆಗಿದೆ, ಕುತುಬುದ್ದೀನ್‌ಗೂ ತೋರಿಸಿ. ಇದನ್ನು ಮೊದಲೇ ಬರೆದಿದ್ದರೆ ನಿಮಗೆ ಕನಿಕರ ಹುಟ್ಟಿ ನನ್ನ ಬೈಗುಳವೆಲ್ಲ ದಂಡವಾಗುತ್ತಿತ್ತು. ನನ್ನ ಕೆಲಸ ಉಳಿಸುತ್ತೇನೆಂದು ಆ ಪತ್ರವನ್ನು ವಾಪಸು ಕೊಡಲು ಹೋದಿರೋ, ಮಾನ್ವಿಗೆ ಬಂದು ನಿಮ್ಮ ಓಣಿಯಲ್ಲಿ ನಿಂತು ಬೈಯುತ್ತೇನೆ. ಹೇಗೂ ಈಗ ನನಗೆ ದಿನವೆಲ್ಲ ಬಿಡುವು.